ಕೆಲಸದ ಜೊತೆ ಕಾದಂಬರಿ: ದಿನದ ಗುರಿ ಬಿಟ್ಟು ವಾರದ ಲೆಕ್ಕ

ತೊಂದರೆ ಇಷ್ಟು: ಆಫೀಸು, ಮಕ್ಕಳ ಹೋಂವರ್ಕ್, ಊರಿನ ಓಡಾಟದ ನಡುವೆ ಕಾದಂಬರಿ ಮೂರನೇ ಅಧ್ಯಾಯದಲ್ಲೇ ನಿಂತಿತ್ತು.

ಬೆಳಗ್ಗೆ ಐದಕ್ಕೆ ಏಳುವುದು ನಡೆಯಲಿಲ್ಲ. ನವೆಂಬರ್ ಒಂದೇ ತಿಂಗಳಲ್ಲಿ ಕಾದಂಬರಿ ಬರೆಯುವ ಸವಾಲಾಗಿದ್ದ ನ್ಯಾನೊರೈಮೊದ ಗುರಿಯೂ ಅಷ್ಟೇ. 30 ದಿನಕ್ಕೆ 50,000 ಪದ, ಅಂದರೆ ದಿನಕ್ಕೆ ಸುಮಾರು 1,667. ಅದು ಇಂಗ್ಲಿಷಿನ ಅಳತೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುತ್ತವೆ, ಅಷ್ಟೇ ಕಥೆಗೆ ಕಡಿಮೆ ಪದ ಸಾಕು. ಆ ಸಂಖ್ಯೆ ನಮಗೆ ಸುಮ್ನೆ ಜಾಸ್ತಿ ಭಾರ.

ಕೊನೆಗೆ ಕೆಲಸ ಮಾಡಿದ್ದು ಈ ಕ್ರಮ. ಭಾನುವಾರ ರಾತ್ರಿ ಕ್ಯಾಲೆಂಡರಿನಲ್ಲಿ ಮೊದಲು ಬೇರೆ ಕೆಲಸಗಳನ್ನೇ ತುಂಬಬೇಕು: ಆಫೀಸು, ಬಸ್ಸಿನ ಹೊತ್ತು, ಮದುವೆ, ಶಾಲೆಯ ಮೀಟಿಂಗ್. ಉಳಿದ ಗಂಟೆಗಳಲ್ಲಿ ಅರ್ಧವನ್ನು ಮಾತ್ರ ಬರವಣಿಗೆಗೆ ಇಡಬೇಕು. ಇನ್ನರ್ಧ ಹೇಗೂ ಜ್ವರಕ್ಕೋ ನೆಂಟರಿಗೋ ಹೋಗುತ್ತದೆ. ನಂತರ ನಿಮ್ಮ ನಿಜವಾದ ವೇಗದಿಂದ ಗುಣಿಸಿ. ಟೈಮರ್ ಇಟ್ಟು ನೋಡಿದಾಗ ನನ್ನದು ಗಂಟೆಗೆ 250 ಪದ. ಎಂಟು ಗಂಟೆ ಬಿಡುವಿದ್ದರೆ ನಾಲ್ಕು ಗಂಟೆ, 1,000 ಪದ. ವಾರದ ಗುರಿ ಅಷ್ಟೇ. ದಿನದ ಗುರಿ ಬೇಡ, ಬಾಕಿಯನ್ನು ಮುಂದಿನ ವಾರಕ್ಕೆ ಸೇರಿಸುವುದೂ ಬೇಡ.

ಬರೆಯುವುದು ನಿಲ್ಲಿಸಿ ಏಳುವಾಗ ದೃಶ್ಯವನ್ನು ಅರ್ಧಕ್ಕೇ ಬಿಟ್ಟು, ಮುಂದೇನಾಗುತ್ತದೆ ಎಂದು ಒಂದು ಸಾಲು ಬರೆದಿಡಿ. ತಿದ್ದುವ ವಾರಗಳಲ್ಲಿ ಪದಗಳ ಬದಲು ಪುಟ ಎಣಿಸಿ.