ಮೂರು ಮೀಟರ್ ಗೇಜ್‌ಗೆ ಒಂದು ದೈತ್ಯ ಸ್ಟೀಮ್ ಇಂಜಿನ್: ಬ್ಲೆಂಡರ್‌ನಲ್ಲಿ ಡಿಸೈನ್ ಮಾಡೋದು ಹೇಗೆ

ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಎಲ್ಲೂ ಇಲ್ಲದ ಒಂದು ಭಾರಿ ರೈಲ್ ಇಂಜಿನ್ ಮಾಡಲ್ ಮಾಡೋಣ ಅಂತ ಕೂತಾಗ ಎಲ್ಲರ ಕೈಯೂ ಮೊದ್ಲು ಹೋಗೋದು ಸ್ಕೇಲ್ ಬಟನ್ ಮೇಲೆ. ಇರೋ ಇಂಜಿನ್ನನ್ನ ಹಿಡ್ಕೊಂಡು ಎರಡು ಪಟ್ಟು ಎಳೆದ್ಬಿಡ್ತಾರೆ, ಆಮೇಲೆ ರೆಂಡರ್ ನೋಡಿದ್ರೆ ಅದು ಮಾಮೂಲಿ ಇಂಜಿನ್ ಥರಾನೇ ಕಾಣತ್ತೆ, ಯಾಕಂದ್ರೆ ಎಲ್ಲಾನೂ ಒಟ್ಟಿಗೆ ದೊಡ್ಡದಾದ್ರೆ ಕಣ್ಣಿಗೆ ಹೋಲಿಸೋಕೆ ಏನೂ ಉಳಿಯಲ್ಲ. ದೊಡ್ಡ ಇಂಜಿನ್ ಅಂದ್ರೆ ಬಿಡಿಭಾಗಗಳ ಸೈಜ್ ಜಾಸ್ತಿ ಅಂತಲ್ಲ, ಸಂಖ್ಯೆ ಜಾಸ್ತಿ. ಇದೊಂದನ್ನ ತಲೇಲಿ ಇಟ್ಕೊಳ್ಳಿ.

ಲೆಕ್ಕ ನೋಡಿ. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆಯ ಬಿಗ್ ಬಾಯ್ ಸ್ಟೀಮ್ ಇಂಜಿನ್‌ಗಳು 1941ರಿಂದ 44ರವರೆಗೆ ಒಟ್ಟು 25 ತಯಾರಾದ್ವು, ಟೆಂಡರ್ (ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ಸೇರಿ ಉದ್ದ 40 ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಎಳೆಯೋ ಆಕ್ಸಲ್ ಎಂಟು, ಒಂದೊಂದರ ಮೇಲೆ ಸುಮಾರು 30 ಟನ್ ಭಾರ. ಇದನ್ನ ಎಲ್ಲಾ ದಿಕ್ಕಲ್ಲೂ ಎರಡು ಪಟ್ಟು ಮಾಡಿದ್ರೆ ತೂಕ ಎಂಟು ಪಟ್ಟಾಗತ್ತೆ, ಆದ್ರೆ ಚಕ್ರದ ಸಂಖ್ಯೆ ಅಷ್ಟೇ ಇರೋದ್ರಿಂದ ಒಂದೊಂದು ಆಕ್ಸಲ್ ಮೇಲೆ 240 ಟನ್ ಕೂರತ್ತೆ. ಅಷ್ಟನ್ನ ಯಾವ ಹಳಿಯೂ ತಡ್ಕೊಳ್ಳಲ್ಲ. ಸ್ಟೀಲ್ ಒಳ್ಳೇದಿದೆ ಅಂತ ಕಥೆ ಕಟ್ಕೊಂಡು 45 ಟನ್‌ವರೆಗೂ ಹೋಗಿ, ಅದಕ್ಕಿಂತ ಮೇಲೆ ಬೇಡ, ತೂಕ ಹೆಚ್ಚಾದಷ್ಟೂ ಆಕ್ಸಲ್ ಸೇರಿಸ್ತಾ ಹೋಗಿ.

ಗೇಜ್, ಅಂದ್ರೆ ಎರಡು ಹಳಿಗಳ ನಡುವಿನ ಅಂತರ, ಆರಿಸೋಕೆ ಒಂದು ನಿಜವಾದ ಆಧಾರ ಇದೆ. ಎರಡನೇ ಮಹಾಯುದ್ಧದ ಟೈಮಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಹಟಕ್ಕೆ 3000 ಮಿ.ಮೀ. ಗೇಜ್‌ನ ರೈಲ್ವೆಗೆ ಪ್ಲಾನ್ ಹಾಕಿದ್ರು, ಡಬ್ಬಿಗಳ ಅಗಲ 6 ಮೀಟರ್, ಎತ್ತರ ಸುಮಾರು 7 ಮೀಟರ್, ಹಳಿ ಮಾತ್ರ ಬೀಳಲೇ ಇಲ್ಲ, ಎಲ್ಲಾ ಕಾಗದದ ಮೇಲೇ ಉಳೀತು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಅಂದ್ರೆ ಆ ಜರ್ಮನ್ ಗೇಜ್ ಇದರ ಹೆಚ್ಚುಕಮ್ಮಿ 1.8 ಪಟ್ಟು. ಬ್ಲೆಂಡರ್‌ನಲ್ಲಿ ಯೂನಿಟ್ ಮೆಟ್ರಿಕ್‌ಗೆ ಇಟ್ಕೊಂಡು ಮೊದ್ಲು ಈ 6x7 ಮೀಟರ್‌ನ ಖಾಲಿ ಚೌಕಟ್ಟು ಮಾಡಿ ವೈರ್ ಡಿಸ್ಪ್ಲೇನಲ್ಲಿ ಬಿಡಿ, ಪಕ್ಕದಲ್ಲಿ 1.7 ಮೀಟರ್ ಎತ್ತರದ ಒಂದು ಮನುಷ್ಯನ ಆಕೃತಿ ನಿಲ್ಲಿಸಿ. ಈ ಎರಡನ್ನೂ ಕೊನೇವರೆಗೂ ಡಿಲೀಟ್ ಮಾಡ್ಬೇಡಿ.

ಇನ್ನು ಚಕ್ರದ ಜೋಡಣೆ, ನನ್ನ ಪ್ರಕಾರ ಅರ್ಧ ಡಿಸೈನ್ ಇಲ್ಲೇ ಮುಗಿಯತ್ತೆ. ಉದ್ದಕ್ಕೆ ಒಂದೇ ಫ್ರೇಮ್‌ನಲ್ಲಿ ಆಕ್ಸಲ್ ಜೋಡಿಸ್ತಾ ಹೋದ್ರೆ ತಿರುವಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ, ಸೋವಿಯತ್ ರಷ್ಯಾದಲ್ಲಿ 1934ರಲ್ಲಿ ಏಳು ಜೋಡಿ ಡ್ರೈವಿಂಗ್ ಚಕ್ರ ಒಂದೇ ಫ್ರೇಮ್‌ಗೆ ಹಾಕಿ ಎಎ20 ಅಂತ ಒಂದು ಇಂಜಿನ್ ಮಾಡಿದ್ರು, ಅದು ಹಳಿ, ಗಾಡಿಯ ದಾರಿ ಬದಲಿಸೋ ಪಾಯಿಂಟ್ಸ್ ಹಾಳು ಮಾಡಿ ಮೂಲೆ ಸೇರ್ತು. ಅಮೆರಿಕದ ವರ್ಜಿನಿಯನ್ ರೈಲ್ವೆಯ 1916ರ ಟ್ರಿಪ್ಲೆಕ್ಸ್‌ದು ಇನ್ನೊಂದು ಕಥೆ, ಮೂರು ಸೆಟ್ ಚಕ್ರ, ಆರು ಸಿಲಿಂಡರ್, ಆದ್ರೆ ಅಷ್ಟಕ್ಕೂ ಸಾಕಾಗೋವಷ್ಟು ಸ್ಟೀಮ್ ಕೊಡೋ ಶಕ್ತಿ ಬಾಯ್ಲರ್‌ಗೆ ಇರ್ಲಿಲ್ಲ. ಹಾಗಾಗಿ ನಾನು ಸಜೆಸ್ಟ್ ಮಾಡೋದು ಗ್ಯಾರಟ್ ಮಾದರಿ: ಎರಡು ತುದೀಲೂ ತಿರುಗೋ ಇಂಜಿನ್ ಯೂನಿಟ್, ಮಧ್ಯೆ ಬಾಯ್ಲರ್ ತೊಟ್ಟಿಲ ಥರ ತೂಗಿರತ್ತೆ, ಕೆಳಗೆ ಚಕ್ರಾನೇ ಇರಲ್ಲ, ಅದಕ್ಕೇ ಬಾಯ್ಲರನ್ನ ಎಷ್ಟು ದಪ್ಪ ಬೇಕೋ ಅಷ್ಟು ಮಾಡಬಹುದು, ಕಲ್ಲಿದ್ದಲು ಉರಿಯೋ ಫೈರ್‌ಬಾಕ್ಸ್ ಎಷ್ಟು ಆಳ ಬೇಕೋ ಅಷ್ಟು ಇಳಿಸಬಹುದು. ನಮ್ಮ ದೇಶದಲ್ಲೇ ಬೆಂಗಾಲ್ ನಾಗ್‌ಪುರ್ ರೈಲ್ವೆ 1929ರಲ್ಲಿ ಎನ್ ಕ್ಲಾಸ್ ಗ್ಯಾರಟ್‌ಗಳನ್ನ ತರಿಸಿತ್ತು, ಒಂದು ದೆಹಲಿಯ ನ್ಯಾಷನಲ್ ರೈಲ್ ಮ್ಯೂಸಿಯಂನಲ್ಲಿದೆ, ಫೋಟೋ ಹುಡುಕಿ ಪಕ್ಕಕ್ಕೆ ಇಟ್ಕೊಳ್ಳಿ.

ನಮ್ಮ ದೈತ್ಯನಿಗೆ ಪ್ರತಿ ತುದೀಲಿ ನಾಲ್ಕು ನಾಲ್ಕು ಡ್ರೈವಿಂಗ್ ಆಕ್ಸಲ್‌ನ ಎರಡು ಗುಂಪು, ಆ ಯೂನಿಟ್‌ನ ಮುಂದೊಂದು ಹಿಂದೊಂದು ಎರಡು ಆಕ್ಸಲ್‌ನ ಬೋಗಿ. ಒಟ್ಟು 24 ಆಕ್ಸಲ್, 45ರಿಂದ ಗುಣಿಸಿದ್ರೆ 1080 ಟನ್, ಇದೇ ನಿಮ್ಮ ತೂಕದ ಬಜೆಟ್. ಡ್ರೈವಿಂಗ್ ಚಕ್ರದ ವ್ಯಾಸ 1.8 ಮೀಟರ್ ಸಾಕು, ಬಿಗ್ ಬಾಯ್‌ದು 1.73 ಇದೆ. ಆರು ಅಡಿ ಚಕ್ರಗಳು ಸಾಲಾಗಿ ಕೆಳಗೆ, ಅದರ ಮೇಲೆ ಎರಡಂತಸ್ತಿನ ಮನೆಯಷ್ಟು ಕಬ್ಬಿಣ, ಆ ವ್ಯತ್ಯಾಸ ಕಂಡಾಗ್ಲೇ ಎದೆ ಝಲ್ ಅನ್ನೋದು. ಉದ್ದ ಸುಮಾರು 70 ಮೀಟರ್ ಬರತ್ತೆ. ಎಂಟು ಸಿಲಿಂಡರ್‌ಗೆ ಸ್ಟೀಮ್ ಬೇಕಲ್ಲ, ಬಿಗ್ ಬಾಯ್ ನಾಲ್ಕು ಸಿಲಿಂಡರ್‌ಗೆ 14 ಚದರ ಮೀಟರ್ ಗ್ರೇಟ್ (ಕಲ್ಲಿದ್ದಲು ಉರಿಯೋ ಜಾಲರಿ) ಇಟ್ಕೊಂಡಿತ್ತು, ನೀವು 5 ಮೀಟರ್ ಅಗಲ 6 ಮೀಟರ್ ಉದ್ದ ಮಾಡಿ. ಅಷ್ಟಕ್ಕೆ ಸಲಿಕೆಯಲ್ಲಿ ಕಲ್ಲಿದ್ದಲು ಹಾಕೋಕೆ ಮನುಷ್ಯರ ಕೈಯಲ್ಲಿ ಆಗಲ್ಲ, ಬಿಗ್ ಬಾಯ್‌ಗೇ ಸ್ಕ್ರೂ ತಿರುಗಿಸಿ ಕಲ್ಲಿದ್ದಲು ತಳ್ಳೋ ಮೆಕ್ಯಾನಿಕಲ್ ಸ್ಟೋಕರ್ ಇತ್ತು, ನಿಮ್ಮ ಕ್ಯಾಬ್ ಕೆಳಗೂ ಅದರ ಪೈಪ್ ಕಾಣ್ಲಿ.

ಮಾಡಲಿಂಗ್ ಟೈಮಲ್ಲಿ ಮನುಷ್ಯನ ಕೈ ಕಾಲು ತಾಗೋದೆಲ್ಲ ಮನುಷ್ಯನ ಅಳತೇಲೇ ಇರಬೇಕು, ಇದರಲ್ಲಿ ರಾಜಿ ಬೇಡ. ಏಣಿ ಮೆಟ್ಟಿಲ ನಡುವೆ 30 ಸೆಂ.ಮೀ., ಕೈಯಲ್ಲಿ ಹಿಡ್ಕೊಳ್ಳೋ ಕಂಬಿ ಒಂದು ಮೀಟರ್ ಎತ್ತರ, ಬಾಗಿಲು 1.9 ಮೀಟರ್. ರಿವೆಟ್ ತಲೆ ಮೂರ್ನಾಲ್ಕು ಸೆಂ.ಮೀ. ಅಷ್ಟೇ, ಅದು ಸಾವಿರಗಟ್ಟಲೆ ಬೇಕಾಗತ್ತೆ, ಒಂದು ಮಾಡ್ಕೊಂಡು ಜಿಯಾಮೆಟ್ರಿ ನೋಡ್ಸ್‌ನಲ್ಲಿ ಇನ್‌ಸ್ಟಾನ್ಸ್ ಮಾಡಿ, ಕಾಪಿ ಪೇಸ್ಟ್ ಮಾಡ್ತಾ ಹೋದ್ರೆ ಸಿಸ್ಟಮ್ ನಿಂತೋಗತ್ತೆ. ಬಾಯ್ಲರ್ ತಗಡನ್ನೂ ಒಂದೇ ಉದ್ದದ ಕೊಳವೆ ಥರ ಬಿಡ್ಬೇಡಿ, ಎರಡು ಮೂರು ಮೀಟರ್‌ಗೊಂದು ಜಾಯಿಂಟ್ ಕೊಡಿ. ಹೆಡ್‌ಲೈಟ್ ದೊಡ್ಡದು ಮಾಡೋ ಬದಲು ಮಾಮೂಲಿ ಸೈಜಿಂದೇ ಐದಾರು ಹಾಕಿ. ಚಿಮಣಿ ಮಾತ್ರ ಗಿಡ್ಡ ಇರ್ಲಿ, ಬಾಯ್ಲರ್ ಊದಿದಷ್ಟೂ ಮೇಲೆ ಜಾಗ ಕಮ್ಮಿ ಆಗತ್ತೆ, ನಿಜವಾದ ದೊಡ್ಡ ಇಂಜಿನ್‌ಗಳಲ್ಲೂ ಚಿಮಣಿ, ಡೋಮ್ ಎರಡೂ ಚಪ್ಪಟೆಯಾಗಿ ಕೂತಿರೋದು ಇದೇ ಕಾರಣಕ್ಕೆ. ಮೈಸೂರಿಗೆ ಹತ್ತಿರ ಇದ್ರೆ ಸ್ಟೇಷನ್ ಪಕ್ಕದ ರೈಲ್ ಮ್ಯೂಸಿಯಂಗೆ ಒಂದು ಸ್ಕೇಲ್ ಹಿಡ್ಕೊಂಡು ಹೋಗಿ, ಸ್ಕೇಲನ್ನ ಪಕ್ಕದಲ್ಲಿ ಹಿಡಿದು ರಿವೆಟ್, ಪೈಪ್, ಮೆಟ್ಟಿಲ ಫೋಟೋ ತೆಗೀರಿ, ಯಾವ ಟ್ಯುಟೋರಿಯಲ್ಲೂ ಅಷ್ಟು ಕಲಿಸಲ್ಲ.

ಓಡಿಸೋದಾದ್ರೆ ಮೊದ್ಲು ಎಲ್ಲದಕ್ಕೂ ಅಪ್ಲೈ ಸ್ಕೇಲ್ ಕೊಡಿ. ಚಕ್ರದ ರೊಟೇಷನ್‌ಗೆ ಡ್ರೈವರ್ (ಬ್ಲೆಂಡರ್‌ನಲ್ಲಿ ಒಂದು ವ್ಯಾಲ್ಯೂನ ಲೆಕ್ಕದಿಂದ ನಡೆಸೋ ಸೂತ್ರ) ಹಾಕಿ, ಇಂಜಿನ್ ಸರಿದ ದೂರವನ್ನ ಚಕ್ರದ ತ್ರಿಜ್ಯದಿಂದ ಭಾಗಿಸಿದ್ರೆ ತಿರುಗಬೇಕಾದ ಕೋನ ರೇಡಿಯನ್‌ನಲ್ಲಿ ಸಿಗತ್ತೆ. ಕ್ರ್ಯಾಂಕ್‌ಪಿನ್, ಅಂದ್ರೆ ಚಕ್ರಕ್ಕೆ ರಾಡ್ ಸಿಕ್ಕಿಸೋ ಗೂಟದ ಜಾಗದಲ್ಲಿ ಒಂದು ಎಂಪ್ಟಿ (ರೆಂಡರ್‌ನಲ್ಲಿ ಕಾಣದ ಗುರುತು) ಇಟ್ಟು ಅದನ್ನ ಚಕ್ರಕ್ಕೆ ಪೇರೆಂಟ್ ಮಾಡಿ. ಚಕ್ರಗಳನ್ನ ಜೋಡಿಸೋ ರಾಡ್ ಯಾವಾಗ್ಲೂ ಹಳಿಗೆ ಸಮಾನಾಂತರವಾಗೇ ಇರ್ಬೇಕು, ಅದಕ್ಕೆ ಕಾಪಿ ಲೊಕೇಷನ್ ಮಾತ್ರ ಕೊಡಿ, ಪೇರೆಂಟ್ ಮಾಡಿದ್ರೆ ಚಕ್ರದ ಜೊತೆ ಗಿರಗಿರ ತಿರುಗತ್ತೆ. ಪಿಸ್ಟನ್ ಕಡೆಯ ಮೇನ್ ರಾಡ್‌ಗೆ ಹೈಸ್ಕೂಲಿನ ಪೈಥಾಗೊರಸ್ ಸಾಕು: ರಾಡ್ ಉದ್ದ ಕರ್ಣ, ಆಕ್ಸಲ್ ಮಟ್ಟದಿಂದ ಪಿನ್ ಎಷ್ಟು ಮೇಲೆ ಕೆಳಗೆ ಇದೆ ಅನ್ನೋದು ಒಂದು ಬಾಹು, ಉಳಿದ ಬಾಹು ಪಿನ್‌ನಿಂದ ಕ್ರಾಸ್‌ಹೆಡ್‌ಗೆ (ಪಿಸ್ಟನ್ ರಾಡ್, ಮೇನ್ ರಾಡ್ ಸೇರೋ ಜಾರುಗಟ್ಟೆಗೆ) ಅಡ್ಡಕ್ಕೆ ಇರೋ ದೂರ. ಅದನ್ನ ಕ್ರಾಸ್‌ಹೆಡ್ ಡ್ರೈವರ್‌ನಲ್ಲಿ ಹಾಕಿ, ರಾಡ್‌ಗೆ ಪಿನ್ ಮೇಲೆ ಕಾಪಿ ಲೊಕೇಷನ್, ಕ್ರಾಸ್‌ಹೆಡ್ ಕಡೆಗೆ ಡ್ಯಾಂಪ್ಡ್ ಟ್ರ್ಯಾಕ್. ಎಡಗಡೆ ಬಲಗಡೆ ಕ್ರ್ಯಾಂಕ್ ನಡುವೆ 90 ಡಿಗ್ರಿ ವ್ಯತ್ಯಾಸ ಬಿಡೋದು ಮರೀಬೇಡಿ, ಒಂದು ಕಡೆ ಪಿಸ್ಟನ್ ತುದೀಲಿ ನಿಂತಿದ್ರೂ ಇನ್ನೊಂದು ಕಡೆಯಿಂದ ಗಾಡಿ ಹೊರಡೋಕೆ ಅಂತಾನೇ ಇರೋ ವ್ಯವಸ್ಥೆ ಅದು.

ಸ್ಪೀಡ್ ಕಮ್ಮಿ ಇಡಿ. ಈ ಚಕ್ರ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರು ಸುತ್ತು ಹೊಡೆಯತ್ತೆ, 24 ಫ್ರೇಮ್‌ನ ವಿಡಿಯೋದಲ್ಲಿ ಅಂದ್ರೆ ಫ್ರೇಮಿಗೆ ಸುಮಾರು 45 ಡಿಗ್ರಿ, ಚಕ್ರಕ್ಕೆ 16 ಕಡ್ಡಿ ಇದ್ರೆ ಅದು ತಿರುಗ್ತಾನೇ ಇಲ್ವೇನೋ ಅನ್ನೋ ಹಾಗೆ ಕಾಣತ್ತೆ. 10 ಕಿ.ಮೀ. ಆಸುಪಾಸಲ್ಲಿ ಓಡ್ಸಿ, ಮೋಷನ್ ಬ್ಲರ್ ಆನ್ ಮಾಡಿ. ಕ್ಯಾಮೆರಾ ನಿಂತಿರೋ ಮನುಷ್ಯನ ಕಣ್ಣಿನ ಎತ್ತರದಲ್ಲಿ, 24 ಅಥವಾ 28 ಮಿ.ಮೀ. ಲೆನ್ಸ್. ಹಿನ್ನೆಲೆ ಮಸುಕು ಮಾಡೋ ಆಸೆ ಬಿಡಿ, ಡೆಪ್ತ್ ಆಫ್ ಫೀಲ್ಡ್ ಜಾಸ್ತಿ ಹಾಕಿದ್ರೆ ಟೇಬಲ್ ಮೇಲಿನ ಆಟಿಕೆ ಥರ ಆಗೋಗತ್ತೆ. ದೂರದ ತುದಿಗೆ ತೆಳ್ಳಗೆ ಮಂಜು ಸೇರಿಸಿ, ಆ ಕಡೆಯ ಯೂನಿಟ್ ಶಾಟ್‌ನಲ್ಲಿ ಮಧ್ಯಕ್ಕೇ ಕತ್ತರಿಸಿದ ಹಾಗೆ ಕಂಡ್ರೆ ಕ್ಯಾಮೆರಾದ ಕ್ಲಿಪ್ ಎಂಡ್ ವ್ಯಾಲ್ಯೂ (ಕ್ಯಾಮೆರಾ ಎಷ್ಟು ದೂರದವರೆಗೆ ತೋರಿಸತ್ತೆ ಅನ್ನೋ ಮಿತಿ) ಹೆಚ್ಚಿಸಿ ಮತ್ತೆ ರೆಂಡರ್ ಹೊಡೀರಿ.