ಪೊರಕೆ ಹಿಡಿಯುವ ಮುಂಚೆ ಸ್ಟೂಲು ಹಾಕಿ ಕೂತುಕೊಳ್ಳಿ: ಹಾಳುಬಿದ್ದ ಗಲ್ಲಿ ಸರಿಮಾಡುವ ಬಗೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಫಾಲ್, ಪೀಕೋ, ಕುಚ್ಚು. ಇಪ್ಪತ್ತೆರಡು ವರ್ಷವಾಯಿತು. ಅಂಗಡಿಯ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಕನ್ಸರ್ವೆನ್ಸಿ ಗಲ್ಲಿಗೆ. ಆ ಹಿಂಬಾಗಿಲನ್ನು ನಾನು ಹದಿನೈದು ವರ್ಷ ತೆಗೆದೇ ಇರಲಿಲ್ಲ. ತೆಗೆದರೆ ನಾತ, ಇಲಿ, ನೊಣ. ಈಗ ಮಧ್ಯಾಹ್ನ ಊಟ ಆದಮೇಲೆ ಅದೇ ಹೊಸ್ತಿಲ ಮೇಲೆ ಕೂತು ಹೆಮ್ಮಿಂಗ್ ಮಾಡುತ್ತೇನೆ. ಬೇರೆ ಬೇರೆ ಪೇಟೆಗಳಿಂದ ಜನ ಬಂದು "ಹೇಗೆ ಮಾಡಿದ್ರಿ ಅಕ್ಕ?" ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಗಲ್ಲಿಯ ಕಥೆ ಸ್ವಲ್ಪ ಗೊತ್ತಿರಬೇಕು. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಹಳೇ ಪೇಟೆ ಕಿಕ್ಕಿರಿದಾಗ ನಕ್ಷೆ ಹಾಕಿ ಕಟ್ಟಿದ ಬಡಾವಣೆ. ಮನೆಗಳ ಬೆನ್ನಿಗೆ ಸಣ್ಣ ಗಲ್ಲಿ ಬಿಟ್ಟರು. ಯಾಕೆ ಗೊತ್ತಾ? ಕಕ್ಕಸಿನ ಮಲವನ್ನು ಬುಟ್ಟಿಯಲ್ಲಿ ತುಂಬಿ ಹೊತ್ತೊಯ್ಯುವವರು ಮುಂದಿನ ರಸ್ತೆಯಲ್ಲಿ ಕಾಣಬಾರದು ಅಂತ. 1898ರ ಪ್ಲೇಗ್ ಆದಮೇಲೆ ಕಟ್ಟಿದ ಬಸವನಗುಡಿ, ಮಲ್ಲೇಶ್ವರದಲ್ಲೂ ಇಂಥ ಗಲ್ಲಿಗಳಿವೆ. ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಬುಟ್ಟಿ ಹೋಯಿತು, ಗಲ್ಲಿ ಉಳಿಯಿತು. ಯಾರ ಮುಖವೂ ಅತ್ತ ಇಲ್ಲ, ಎಲ್ಲರ ಬೆನ್ನು ಮಾತ್ರ. ನಿಮ್ಮ ಊರಿನ ಹಾಳುಬಿದ್ದ ಜಾಗಕ್ಕೂ ಇಂಥದ್ದೇ ಏನೋ ಒಂದು ಕಾರಣ ಇರುತ್ತದೆ. ಹಳಬರನ್ನು ಕೇಳಿ.

ಸರಿ, ಕೆಲಸಕ್ಕೆ ಬರೋಣ.

ಒಂದು ವಾರ ಸುಮ್ನೆ ನೋಡಿ

ಎಲ್ಲರೂ ಮಾಡುವ ತಪ್ಪು ಒಂದೇ. ಭಾನುವಾರ ಬೆಳಗ್ಗೆ ಇಪ್ಪತ್ತು ಜನ ಸೇರಿ ಗುಡಿಸುತ್ತಾರೆ, ಫೋಟೋ ಹಾಕುತ್ತಾರೆ. ಬುಧವಾರ ನೋಡಿದರೆ ಮತ್ತೆ ಅಷ್ಟೇ ಗುಡ್ಡೆ. ನಾವೂ ಎರಡು ಸಲ ಹೀಗೆ ಮಾಡಿ ಸೋತೆವು.

ಮೂರನೇ ಸಲ ನಾನೊಂದು ಸ್ಟೂಲು, ಒಂದು ಅಳತೆ ಪುಸ್ತಕ ತೆಗೆದುಕೊಂಡು ಗಲ್ಲಿಯ ಮೂಲೆಯಲ್ಲಿ ಕೂತೆ. ಬೆಳಗ್ಗೆ ಆರರಿಂದ ನಾನು, ಮಧ್ಯಾಹ್ನ ಎದುರುಮನೆ ಅಜ್ಜಿ, ರಾತ್ರಿ ಒಂಬತ್ತರಿಂದ ಹನ್ನೊಂದು ಪಕ್ಕದ ಝೆರಾಕ್ಸ್ ಅಂಗಡಿ ಹುಡುಗ. ಏಳು ದಿನ. ಯಾರಿಗೂ ಏನೂ ಅನ್ನಬಾರದು ಅಂತ ಮಾತಾಡಿಕೊಂಡಿದ್ದೆವು. ಎಷ್ಟು ಹೊತ್ತಿಗೆ, ಎಂಥ ಕಸ, ಕಾಲ್ನಡಿಗೆಯೋ ಸ್ಕೂಟರೋ, ಇಷ್ಟನ್ನೇ ಬರೆಯಬೇಕು. ಹೆಸರು ಬರೆಯಬಾರದು.

ಎರಡನೇ ದಿನ ಗುಡ್ಡೆಯಲ್ಲಿ ಒಂದು ಕವರ್ ಹರಿದು ಬಿದ್ದಿತ್ತು. ಒಳಗೆ ಗಿಳಿಹಸಿರು ರೇಷ್ಮೆ ಚೂರು, ಜೊತೆಗೆ ಬಿಳಿ ಲೈನಿಂಗ್. ಹಿಂದಿನ ದಿನ ನಾನೇ ಕತ್ತರಿಸಿದ ಬ್ಲೌಸಿನ ಚೂರು! ಅಂಗಡಿಗೆ ಬರುವ ಹುಡುಗಿ ಸಂಜೆ ಮನೆಗೆ ಹೋಗುವಾಗ ಕವರನ್ನು ಅಲ್ಲಿ ಎಸೆದು ಹೋಗುತ್ತಿದ್ದಳು. ಅವಳನ್ನು ಬೈಯಲು ಬಾಯಿ ತೆಗೆದೆ, ಮುಚ್ಚಿದೆ. "ಎಲ್ಲಿ ಹಾಕಬೇಕು" ಅಂತ ನಾನು ಅವಳಿಗೆ ಯಾವತ್ತೂ ಹೇಳಿರಲೇ ಇಲ್ಲ. ಅವತ್ತಿನಿಂದ ಚೂರು ಬಟ್ಟೆಗೆ ಬೇರೆ ಗೋಣಿಚೀಲ. ತುಂಬಿದಾಗ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗುತ್ತದೆ. ಆಮೇಲೆ ಬೇರೆಯವರ ಮನೆ ಬಾಗಿಲಿಗೆ ಹೋದಾಗ ಈ ಕಥೆಯನ್ನೇ ಮೊದಲು ಹೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು, ನಕ್ಕಮೇಲೆ ಬಾಗಿಲು ಪೂರ್ತಿ ತೆಗೆಯುತ್ತಿದ್ದರು.

ವಾರದ ಕೊನೆಗೆ ಪುಸ್ತಕ ನೋಡಿದರೆ ಚಿತ್ರ ಸ್ಪಷ್ಟ. ಬೆಳಗ್ಗೆ ಒಂಬತ್ತರ ನಂತರ ಒಂದು ರಾಶಿ, ಅದು ಪಿಜಿ ಹುಡುಗರದು. ಸಂಜೆ ಟೀ ಗಾಡಿಯ ಪೇಪರ್ ಕಪ್ಪು. ರಾತ್ರಿ ಹತ್ತರ ಮೇಲೆ ಸ್ಕೂಟರಿನಲ್ಲಿ ಬಂದು ನಿಲ್ಲಿಸದೆಯೇ ಎಸೆದು ಹೋಗುವವರು. ಅವರು ನಮ್ಮ ರಸ್ತೆಯವರೇ ಅಲ್ಲ.

ಕಸದ ಆಟೋ ಓಡಿಸುವವರನ್ನು ಕೇಳಿದೆ. "ಅಕ್ಕಾ, ನಾನು ಏಳಕ್ಕೆ ಬರ್ತೀನಿ, ಅವರು ಒಂಬತ್ತಕ್ಕೆ ಏಳ್ತಾರೆ. ನಾನೇನು ಮಾಡ್ಲಿ ಹೇಳಿ" ಅಂದರು. ಅಷ್ಟೇ ವಿಷಯ! ಪಿಜಿ ಮಾಲೀಕರು ಗೇಟಿನ ಒಳಗೆ ಎರಡು ಡ್ರಮ್ ಇಟ್ಟರು, ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಏಳು ಗಂಟೆಗೆ ವಾಚ್‌ಮನ್ ತಂದು ಆಟೋಗೆ ಕೊಡುತ್ತಾರೆ. ಗುಡ್ಡೆಯ ಅರ್ಧ ಭಾಗ ಅಲ್ಲಿಗೆ ಕರಗಿತು. ನಾವಿನ್ನೂ ಪೊರಕೆ ಮುಟ್ಟಿರಲಿಲ್ಲ.

ಯಾವುದು ಯಾರದು

ಗಲ್ಲಿಯಲ್ಲಿ ಕಾಣುವುದೆಲ್ಲ ಒಬ್ಬರದೇ ಅಲ್ಲ. ಇದು ಗೊತ್ತಿಲ್ಲದೆ ಕಚೇರಿ ಕಚೇರಿ ಅಲೆದು ಜನ ಸುಸ್ತಾಗುತ್ತಾರೆ. ಬೆಂಗಳೂರಿನಲ್ಲಾದರೆ ಕಸ, ಮಳೆನೀರಿನ ಚರಂಡಿ, ಬೀದಿದೀಪ ಪಾಲಿಕೆಯದು, ದೂರಿಗೆ 1533. ಮ್ಯಾನ್‌ಹೋಲ್, ಯುಜಿಡಿ (ನೆಲದೊಳಗಿನ ಒಳಚರಂಡಿ), ಕುಡಿಯುವ ನೀರು ಜಲಮಂಡಳಿಯದು, 1916. ಜೋತುಬಿದ್ದ ಕರೆಂಟ್ ವೈರು, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, 1912. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಹೋಗಿ ಐದಾಗಿವೆ. ನಿಮ್ಮ ರಸ್ತೆ ಯಾವುದಕ್ಕೆ ಸೇರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ.

ಫೋನ್ ಮಾಡಿ ಬಿಟ್ಟರೆ ಸಾಲದು, ಅರ್ಜಿ ಬರೆಯಿರಿ. ಒಂದು ಅರ್ಜಿಗೆ ಒಂದೇ ವಿಷಯ. "ನಮ್ಮ ಏರಿಯಾ ತುಂಬಾ ಗಲೀಜಾಗಿದೆ" ಅಂತ ಬರೆದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. "ಇಷ್ಟನೇ ನಂಬರ್ ಕಂಬದ ದೀಪ ಇಂಥ ತಾರೀಖಿನಿಂದ ಉರಿಯುತ್ತಿಲ್ಲ" ಅಂತ ಬರೆಯಿರಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಒಂದು ಕಚೇರಿಯಲ್ಲಿ ನನಗೆ "ಈ ಗಲ್ಲಿ ನಮ್ಮ ಕಡತದಲ್ಲೇ ಇಲ್ಲ" ಅಂದರು. ಇಪ್ಪತ್ತೆರಡು ವರ್ಷದಿಂದ ಇಲ್ಲದ ಗಲ್ಲಿಗೆ ಬೆನ್ನು ಹಾಕಿ ಕೂತಿದ್ದೆನಾ ನಾನು? ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ನಮ್ಮ ರಾಜ್ಯದಲ್ಲಿ ಆ ಅರ್ಜಿಯೂ ಒಂದೇ ವಿಷಯದ ಮೇಲೆ, 150 ಪದದ ಒಳಗೆ ಇರಬೇಕು. ಉತ್ತರಕ್ಕೆ 30 ದಿನ ಗಡುವು. ನಕ್ಷೆಯ ಪ್ರತಿ ಬಂತು, ಅದರಲ್ಲಿ ಗಲ್ಲಿ ಇತ್ತು.

ಜನ ಸೇರಿಸೋದು

ಮೀಟಿಂಗ್ ಕರೆಯಬೇಡಿ. ಮೀಟಿಂಗಿಗೆ ಬರುವವರು ಯಾವಾಗಲೂ ಅದೇ ಆರು ಜನ, ಅದರಲ್ಲಿ ಇಬ್ಬರು ಜಗಳಕ್ಕೇ ಬಂದಿರುತ್ತಾರೆ. ಮನೆಮನೆಗೆ ಹೋಗಿ. ಬಾಡಿಗೆಯವರ ಮನೆಗೆ ಮೊದಲು ಹೋಗಿ. ನಮ್ಮಲ್ಲಿ ಮಾಲೀಕರು ಎಷ್ಟೋ ಜನ ಜಯನಗರ, ಜೆ.ಪಿ. ನಗರದ ಕಡೆ ಹೋಗಿಬಿಟ್ಟಿದ್ದಾರೆ. ನಾತ ಕುಡಿಯುವವರು ಬಾಡಿಗೆಯವರು. "ಬಂದು ಕೆಲಸ ಮಾಡಿ" ಅನ್ನುವುದಕ್ಕಿಂತ ಸಣ್ಣದೊಂದನ್ನು ಕೇಳಿ. ಅಮ್ಮ, ನಿಮ್ಮ ನಲ್ಲಿಯಿಂದ ಹತ್ತು ಬಿಂದಿಗೆ ನೀರು ಕೊಡ್ತೀರಾ? ಭಾಯ್, ನಿಮ್ಮ ಗ್ಯಾರೇಜಿನ ಹಾರೆ ಒಂದು ದಿನ ಸಿಗುತ್ತಾ? ಹಾರೆ ಕೊಟ್ಟವರು ಹಾರೆಯ ಹಿಂದೆ ತಾವೇ ಬಂದರು.

ವಾಟ್ಸಾಪ್ ಗುಂಪು ಬೇಕಾಗುತ್ತದೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ, ಪಕ್ಷದ ಸುದ್ದಿ, ಯಾರೋ ಕಸ ಹಾಕುವ ಫೋಟೋ, ಈ ಮೂರೂ ಬೇಡ ಅಂತ ಮೊದಲೇ ಹೇಳಿಬಿಡಿ. ಕೊನೆಯದು ತುಂಬಾ ಮುಖ್ಯ. ಒಬ್ಬರ ಮಾನ ಹೋದರೆ ಆ ಮನೆ ಮತ್ತೆ ನಿಮ್ಮ ಜೊತೆ ಸೇರುವುದಿಲ್ಲ.

ಗುಡಿಸುವ ದಿನ

ಭಾನುವಾರ ಬೆಳಗ್ಗೆ ಆರಕ್ಕೆ ಶುರು, ಒಂಬತ್ತಕ್ಕೆ ಮುಗಿಯಬೇಕು. ಬಿಸಿಲೇರಿದರೆ ಜನ ಜಾರುತ್ತಾರೆ. ಸಲಿಕೆ ನಾಲ್ಕು, ಬಾಂಡ್ಲಿ ಎಂಟು, ಹಾರೆ ಒಂದು, ಕಡ್ಡಿಪೊರಕೆ, ಗಟ್ಟಿ ಗ್ಲೌಸು, ಮಾಸ್ಕು, ಒಂದು ಮೂಟೆ ಸುಣ್ಣ. ಚಪ್ಪಲಿಯಲ್ಲಿ ಯಾರೂ ಇಳಿಯಬೇಡಿ. ಗಾಜು, ಸೂಜಿ ಇರುತ್ತವೆ. ಎಲ್ಲಕ್ಕಿಂತ ಮೊದಲು ಗಾಡಿ ಗೊತ್ತುಮಾಡಿ. ಹೆಲ್ತ್ ಇನ್‌ಸ್ಪೆಕ್ಟರಿಗೆ ವಾರದ ಮುಂಚೆ ಹೇಳಿ, ಶನಿವಾರ ಇನ್ನೊಮ್ಮೆ ನೆನಪಿಸಿ. ಗಾಡಿ ಬರದಿದ್ದರೆ ಒಳಗಿನ ಕಸ ರಸ್ತೆಗೆ ಬಂದಂತಾಗುತ್ತದೆ, ಅಷ್ಟೇ.

ಒಂದು ಮಾತು ಖಡಾಖಂಡಿತ. ಮ್ಯಾನ್‌ಹೋಲ್ ಮುಚ್ಚಳ ನೀವೂ ತೆಗೆಯಬೇಡಿ, ದುಡ್ಡು ಕೊಟ್ಟು ಇನ್ನೊಬ್ಬರಿಂದಲೂ ತೆಗೆಸಬೇಡಿ. ಒಳಗಿನ ಗ್ಯಾಸಿಗೆ ಜೀವ ಹೋಗುತ್ತದೆ, ಮಲ ಹೊರಿಸುವುದನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಇನ್ನೊಬ್ಬರನ್ನು ಹಾಗೆ ಇಳಿಸುವುದು ಅಪರಾಧ ಕೂಡ. ಕಟ್ಟಿಕೊಂಡಿದ್ದರೆ 1916ಕ್ಕೆ ಹೇಳಿ, ಮಷಿನ್ ಬರಲಿ. ಪೌರಕಾರ್ಮಿಕರಿಗೂ ಅವತ್ತು ನಿಮ್ಮ ಕೆಲಸ ಹೇಳಬೇಡಿ. ಅವರು ಬಂದರೆ ಕಾಫಿ, ಇಡ್ಲಿ ಒಟ್ಟಿಗೆ ಕೂತು ತಿನ್ನಿ. ಈ ಗಲ್ಲಿ ಯಾಕೆ ಹುಟ್ಟಿತು ಅಂತ ಆಗಲೇ ಹೇಳಿದೆನಲ್ಲ.

ಬಣ್ಣ? ಆತುರ ಬೇಡ. ನಾವು ಮೊದಲ ಸಲವೇ ಗೋಡೆಗೆ ನೀಲಿ ಎಮಲ್ಷನ್ ಬಳಿದೆವು, ನವಿಲು ಬರೆಸಿದೆವು. ಗೋಡೆಯ ಒಳಗೆ ಪೈಪು ಸೋರುತ್ತಿತ್ತು. ಮೊದಲ ಮಳೆಗೇ ನವಿಲಿನ ಗರಿ ಎದ್ದು ನೇತಾಡಿತು. ಪೈಪ್ ಸರಿಮಾಡಿ, ಮೇಲೆ ಸುಣ್ಣ, ಕೆಳಗೆ ಎರಡಡಿ ಕೆಮ್ಮಣ್ಣಿನ ಪಟ್ಟೆ ಸಾಕು. 2010ರಲ್ಲಿ ಚರ್ಚ್ ಸ್ಟ್ರೀಟಿನ ಕಡೆ ಕೆಲಸ ಶುರುಮಾಡಿದ 'ದಿ ಅಗ್ಲಿ ಇಂಡಿಯನ್' ಗುಂಪಿನವರೂ ಗೋಡೆಯ ಬುಡಕ್ಕೆ ಇಂಥದ್ದೇ ಕೆಂಪು ಬಳಿಯುತ್ತಾರೆ. ಹೆಸರು ಹೇಳಿಕೊಳ್ಳದೆ ಮಾಡುವ ಅವರ ರೀತಿ ನನಗೆ ಇಷ್ಟ.

ದೇವರ ಟೈಲ್ಸ್ ಅಂಟಿಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನನಗದು ಸರಿ ಕಾಣುವುದಿಲ್ಲ. ಉಚ್ಚೆ ಹೊಯ್ಯುವವರು ದೇವರನ್ನು ಬಿಟ್ಟು ನಾಲ್ಕಡಿ ಆಚೆ ಹೊಯ್ಯುತ್ತಾರೆ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಆಟೋದವರು ರಾತ್ರಿ ಎಲ್ಲಿಗೆ ಹೋಗಬೇಕು? ಹತ್ತಿರದ ಶೌಚಾಲಯ ಎಂಟಕ್ಕೇ ಬಾಗಿಲು ಹಾಕುತ್ತಿತ್ತು. ಹನ್ನೊಂದರವರೆಗೆ ತೆಗೆದಿಡಿ ಅಂತ ಮೂರು ತಿಂಗಳು ಬೆನ್ನು ಹತ್ತಿದೆವು. ಗೋಡೆ ಒಣಗಿದ್ದು ಆಮೇಲೆ.

ಗಲ್ಲಿಗೆ ಒಂದು ಕೆಲಸ ಕೊಡಿ

ಗುಡಿಸಿದ ಮೇಲಿನ ಮೂರು ವಾರ ತುಂಬಾ ಕಷ್ಟ. ಗುಡ್ಡೆಯಿದ್ದ ಜಾಗದಲ್ಲಿ ದಿನಾ ಸಂಜೆ ರಂಗೋಲಿ ಹಾಕಿದೆವು, ರಾತ್ರಿ ಹನ್ನೊಂದರವರೆಗೆ ಯಾರಾದರೊಬ್ಬರು ಸ್ಟೂಲು ಹಾಕಿ ಕೂತೆವು. ಸ್ಕೂಟರಿನವರು ನಿಧಾನ ಮಾಡುತ್ತಾರೆ, ಬೆಳಕು ನೋಡುತ್ತಾರೆ, ಮುಂದೆ ಹೋಗುತ್ತಾರೆ. ಆದರೆ ಎಷ್ಟು ದಿನ ಕಾಯೋದು, ಅಲ್ವಾ?

ದಾರಿ ತೋರಿಸಿದ್ದು ಹೂ ಕಟ್ಟುವ ಹೆಂಗಸರು. ನಮ್ಮ ಸುತ್ತ ಎಷ್ಟೋ ಮನೆಗಳಲ್ಲಿ ಕೆ.ಆರ್. ಮಾರ್ಕೆಟ್ಟಿನ ಬಿಡಿ ಹೂ ತಂದು ಕಟ್ಟಿಕೊಡುತ್ತಾರೆ. ಒಂದೇ ಕೋಣೆಯ ಮನೆ, ಸೆಖೆ. ಗಲ್ಲಿ ಒಣಗಿದ್ದು ನೋಡಿ ಒಬ್ಬಾಕೆ ಚಾಪೆ ತಂದು ಹಾಸಿದಳು. ವಾರದಲ್ಲಿ ಏಳು ಜನ. ಈಗ ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೆ ಅಲ್ಲಿ ಕನಕಾಂಬರ, ಮಲ್ಲಿಗೆ, ಬಾಳೆನಾರು, ಮಾತು. ಅವರ ಮುಂದೆ ಕವರ್ ಎಸೆಯಲು ಯಾರಿಗೆ ಧೈರ್ಯ? ಉಳಿದ ಹೂ, ಎಲೆ ಜಾಲರಿ ಪೆಟ್ಟಿಗೆಯಲ್ಲಿ ಗೊಬ್ಬರವಾಗುತ್ತದೆ. ನಿಮ್ಮ ಗಲ್ಲಿಗೆ ಹೂವೇ ಬೇಕೆಂದಿಲ್ಲ. ಯಾರ ಮನೆಯಲ್ಲಿ ಜಾಗ ಸಾಲದು ಅಂತ ಹುಡುಕಿ.

ಸಣ್ಣ ಕುಂಡ ಇಡಬೇಡಿ. ಆರು ಇಟ್ಟೆವು, ಮೊದಲ ವಾರವೇ ನಾಲ್ಕು ಹೋದವು. ಅರ್ಧ ಡ್ರಮ್ಮಿಗೆ ಮಣ್ಣು ತುಂಬಿ ದಾಸವಾಳ ನೆಡಿ. ಅದನ್ನು ಎತ್ತಲು ಇಬ್ಬರು ಗಂಡಸರಿಗೂ ಆಗುವುದಿಲ್ಲ.

ಜಾಗ ಚಂದವಾದಂತೆ ಹೊಸ ತಲೆನೋವು ಬರುತ್ತದೆ. ಒಬ್ಬ ಮನೆಯವರು "ಆ ಟೀ ಗಾಡಿ, ತರಕಾರಿ ಗಾಡಿ ಎಬ್ಬಿಸಿ" ಅಂದರು. ನಾನು ಒಪ್ಪಲಿಲ್ಲ. ರಾತ್ರಿ ಹತ್ತರವರೆಗೆ ಅಲ್ಲಿ ಬೆಳಕಿರುವುದೇ ಆ ಗಾಡಿಗಳಿಂದ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯೂ ಇದೆ. ಟೀ ಅಣ್ಣ ಈಗ ಗಾಜಿನ ಲೋಟ ಇಟ್ಟಿದ್ದಾರೆ. ಇನ್ನೊಬ್ಬ ಮಾಲೀಕರು ಗಲ್ಲಿ ತೋರಿಸಿ ಬಾಡಿಗೆ ಏರಿಸಲು ನೋಡಿದರು. ಸಲಿಕೆ ಹಿಡಿದಿದ್ದು ಅವರ ಬಾಡಿಗೆಯವರೇ ಅಂತ ನಾವು ಐದು ಜನ ಹೋಗಿ ಕೂತು ಮಾತಾಡಿದೆವು. ಆ ವರ್ಷಕ್ಕೆ ಬಿಟ್ಟರು. ಮುಂದಿನ ವರ್ಷ ಮತ್ತೆ ಹೋಗಬೇಕಾಗುತ್ತದೆ.

ದುಡ್ಡಿನ ವಿಷಯ ಚಿಕ್ಕದು. ನಮಗೆ ಮೊದಲ ವರ್ಷ ಖರ್ಚಾಗಿದ್ದು 12,300 ರೂಪಾಯಿ. ಪ್ರತಿ ರೂಪಾಯಿಯನ್ನೂ ನನ್ನ ಹಿಂಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಪೂರ್ತಿ ದುಡ್ಡು ಕೊಡುತ್ತೇನೆ, ನನ್ನ ಫ್ಲೆಕ್ಸ್ ಹಾಕಿ ಅಂತ ಒಬ್ಬರು ಬಂದಿದ್ದರು. ಕಾಫಿ ಕೊಟ್ಟು ಕಳಿಸಿದೆವು.

ಇನ್ನೊಂದು ಹೇಳಿಬಿಡುತ್ತೇನೆ, ಮರೆತರೆ ವರ್ಷದ ಕೆಲಸ ಒಂದೇ ರಾತ್ರಿಗೆ ನೀರುಪಾಲು. ಆಯುಧಪೂಜೆ ಮಾರನೇ ದಿನ ಬಾಳೆಕಂಬ, ಒಡೆದ ಬೂದುಗುಂಬಳ, ಮಾವಿನ ತೋರಣ ಎಲ್ಲ ಹಳೇ ಗುಡ್ಡೆಯ ಜಾಗಕ್ಕೇ ನೆನಪಿಟ್ಟುಕೊಂಡು ಬರುತ್ತವೆ. ಹಬ್ಬಕ್ಕೆ ಹತ್ತು ದಿನ ಮುಂಚೆ ಅರ್ಜಿ ಕೊಟ್ಟು ಒಂದು ಗಾಡಿ ಜಾಸ್ತಿ ಕೇಳಿ. ಬಾಳೆಕಂಬ ಒಯ್ಯಲು ಹಸುವಿನವರಿಗೂ ಹೇಳಿಡಿ. ಕುಂಬಳಕಾಯಿಗೆ ಕುಂಕುಮ ಹಾಕಿರುತ್ತಾರೆ, ಚಿಲ್ಲರೆ ಕಾಸೂ ಇರುತ್ತದೆ. ಅದನ್ನು ಹಸುವಿಗೆ ಕೊಡದೆ ಬೇರೆ ಇಡಿ.