ಮುಕ್ಕಾಲಿಂಚಿನ ಪೈಪು, ಹಳೆ ಫ್ಲೆಕ್ಸು: ಹಿಪ್ಪಿಗಳ ಗುಮ್ಮಟ ಕಟ್ಟುವ ಬಗೆ

1965ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಟ್ರಿನಿಡಾಡ್ ಪಟ್ಟಣದ ಹೊರಗೆ ಏಳು ಎಕರೆ ಜಮೀನು ಕೊಂಡು, ಚಿತ್ರಕಲೆ ಓದಿದ ಕೆಲವು ಹುಡುಗ ಹುಡುಗಿಯರು ‘ಡ್ರಾಪ್ ಸಿಟಿ’ ಎಂಬ ಬೀಡು ಕಟ್ಟಿಕೊಂಡರು. ಗುಜರಿಗೆ ಬಿದ್ದ ಕಾರುಗಳ ನೆತ್ತಿಯನ್ನು ಕೊಡಲಿಯಿಂದ ಕಡಿದು ತಂದು, ಆ ತಗಡನ್ನೇ ಗುಮ್ಮಟದಂಥ ಮನೆಗಳಿಗೆ ಹೊದಿಸಿದರು. ಕೊಳ್ಳುಬಾಕ ಸಮಾಜ ಬಿಸಾಕಿದ್ದರಲ್ಲೇ ಬದುಕು ಕಟ್ಟುವುದು ಅವರ ಹಟ. ತಮಾಷೆಯೆಂದರೆ ತ್ರಿಕೋನಗಳನ್ನು ಹೆಣೆದು ಕಟ್ಟುವ ಆ ಗುಮ್ಮಟದ ಆಕಾರ ಅವರದ್ದಲ್ಲ. ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರರು 1954ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅಮೆರಿಕದ ಸೇನೆ ಉತ್ತರ ಧ್ರುವದಂಚಿನ ರೇಡಾರುಗಳಿಗೆ ಅದನ್ನೇ ಟೋಪಿಯಾಗಿ ತೊಡಿಸಿತ್ತು. ಯುದ್ಧ ಬೇಡವೆಂದವರು ಮಲಗಿದ್ದು ಸೇನೆಯ ಟೋಪಿಯೊಳಗೇ.

ಈಗ ಅದೇ ಗುಮ್ಮಟ ರೆಸಾರ್ಟುಗಳಲ್ಲಿ ‘ಗ್ಲ್ಯಾಂಪಿಂಗ್ ಡೋಮ್’ ಆಗಿ ರಾತ್ರಿಗಿಷ್ಟು ಎಂದು ಬಾಡಿಗೆಗೆ ಸಿಗುತ್ತದೆ, ಕಿಟ್ ರೂಪದಲ್ಲೂ ಮಾರಾಟಕ್ಕಿದೆ. ಪೈಪುಗಳನ್ನು ಕೂಡಿಸಲು ಕಿಟ್ಟಿನಲ್ಲಿ ಕೊಡುವ ‘ಹಬ್’ಗೆ ದುಡ್ಡು ಸುರಿಯಬೇಕಾಗಿಲ್ಲ. ಪೈಪಿನ ತುದಿ ಚಪ್ಪಟೆ ಮಾಡಿ ಬೋಲ್ಟ್ ಹಾಕಿದರೆ ಹಬ್ಬೇ ಬೇಡ.

ಒಂದು ಮಾತು ಮೊದಲೇ. ಇದು ಸಂಸಾರ ಹೂಡುವ ಮನೆಯಲ್ಲ. ಸಸಿಮಡಿಯ ನೆರಳು, ತೋಟದ ಸಾಮಾನಿನ ಗೂಡು, ಬೇಸಿಗೆ ರಜೆಯಲ್ಲಿ ಮಕ್ಕಳು ಓದುವ ಜಾಗ, ಇಷ್ಟಕ್ಕೆ ಹೇಳಿ ಮಾಡಿಸಿದ್ದು.

ಅಳತೆ

ಇಲ್ಲಿ ಕೊಟ್ಟಿರುವುದು 1.85 ಮೀಟರ್ ತ್ರಿಜ್ಯದ ಅರ್ಧಗೋಲ. ಅಡ್ಡಗಲ 3.7 ಮೀಟರ್, ನಡುವೆ ಎತ್ತರ 1.85 ಮೀಟರ್, ನೆಲ ಸುಮಾರು 108 ಚದರ ಅಡಿ. ಬೇಕಾದ ತುಂಡುಗಳು ಎರಡೇ ಅಳತೆಯವು:

ಗಿಡ್ಡ ತುಂಡು 30. ತೂತಿನಿಂದ ತೂತಿಗೆ 1011 ಮಿ.ಮೀ., ಕತ್ತರಿಸುವ ಉದ್ದ 1051.
ಉದ್ದ ತುಂಡು 35. ತೂತಿನಿಂದ ತೂತಿಗೆ 1143 ಮಿ.ಮೀ., ಕತ್ತರಿಸುವ ಉದ್ದ 1183.

ಬೇರೆ ಗಾತ್ರ ಬೇಕಿದ್ದರೆ ತ್ರಿಜ್ಯವನ್ನು 0.5465ರಿಂದ ಗುಣಿಸಿದರೆ ಗಿಡ್ಡದ್ದು, 0.6180ರಿಂದ ಗುಣಿಸಿದರೆ ಉದ್ದದ್ದು. ಎರಡಕ್ಕೂ 40 ಮಿ.ಮೀ. ಸೇರಿಸಿ ಕತ್ತರಿಸಿ. 1.85 ಆರಿಸಿದ್ದಕ್ಕೆ ಕಾರಣವಿದೆ. 6 ಮೀಟರಿನ ಒಂದು ಪೈಪಿನಲ್ಲಿ ಉದ್ದ ತುಂಡು ಸರಿಯಾಗಿ ಐದು ಬರುತ್ತವೆ, ಕಟಿಂಗ್ ವೀಲ್ ತಿನ್ನುವ 3 ಮಿ.ಮೀ. ಲೆಕ್ಕ ಹಿಡಿದರೂ. ಒಟ್ಟು 13 ಪೈಪು ಸಾಕು.

ಪೈಪು ಮುಕ್ಕಾಲು ಇಂಚಿನದು, 18 ಗೇಜ್, ಅಂದರೆ ಗೋಡೆಯ ದಪ್ಪ ಸುಮಾರು 1.2 ಮಿ.ಮೀ. ಎಲ್ಲ ಸೇರಿ 40 ಕೆ.ಜಿ. ಆಸುಪಾಸು. ನೀರಿನ ಜಿಐ ಪೈಪು ಬೇಡ, ಅದರ ದಪ್ಪಕ್ಕೆ ವೈಸ್‌ನಲ್ಲಿ ತುದಿ ಚಪ್ಪಟೆಯಾಗುವುದೇ ಕಷ್ಟ. ಗುಜರಿಯಲ್ಲಿ ಹುಡುಕುವವರಿಗೆ ಒಂದು ಅನುಕೂಲ: 4 ಅಡಿಯ ತುಂಡುಗಳೂ ಉಪಯೋಗಕ್ಕೆ ಬರುತ್ತವೆ. ಹೊರಗಿನ ಗಾತ್ರ ಎಲ್ಲದಕ್ಕೂ ಒಂದೇ ಇರಲಿ, ಉಗುರಿನಿಂದ ಕೆರೆದರೆ ಪದರ ಏಳುವಷ್ಟು ತುಕ್ಕು ಹಿಡಿದದ್ದನ್ನು ಬಿಟ್ಟುಬಿಡಿ.

ಜೊತೆಗೆ 8 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ 26 ಬೋಲ್ಟ್, 26 ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ತಾನಾಗಿ ಸಡಿಲವಾಗದ ನಟ್), 52 ದೊಡ್ಡ ವಾಷರ್.

ತುದಿ ಚಪ್ಪಟೆ, ತೂತು, ಬಾಗು

ಈ ಕ್ರಮ ತಪ್ಪಿಸಬೇಡಿ. ತುದಿಯ 45 ಮಿ.ಮೀ. ಭಾಗವನ್ನು ವೈಸ್‌ನಲ್ಲಿ ಒತ್ತಿ ಚಪ್ಪಟೆ ಮಾಡಿ. ಪೈಪಿನುದ್ದಕ್ಕೂ ಬೆಸುಗೆಯ ಒಂದು ಗೆರೆ ಕಾಣುತ್ತದೆ. ಅದು ಚಪ್ಪಟೆಯ ಮುಖದ ಮೇಲೆ ಬರಬೇಕು. ಮಡಿಕೆಯ ಅಂಚಿಗೆ ಬಂದರೆ ಅಲ್ಲೇ ಸೀಳುತ್ತದೆ. ಎರಡೂ ತುದಿಗಳ ಚಪ್ಪಟೆ ಒಂದೇ ಸಮತಲದಲ್ಲಿರಲಿ. ಒಂದು ತುದಿ ತಿರುಚಿಕೊಂಡರೆ ಬೋಲ್ಟ್ ಕೂರುವುದಿಲ್ಲ.

ತುದಿಯಿಂದ 20 ಮಿ.ಮೀ. ಒಳಗೆ 8.5 ಮಿ.ಮೀ. ತೂತು. ಮೊದಲ ತೂತನ್ನು ಅಳೆದು ಕೊರೆಯಿರಿ, ಎರಡನೆಯದನ್ನು ಟೇಪಿನಿಂದ ಅಳೆಯಲೇಬೇಡಿ. ಹಲಗೆಯೊಂದಕ್ಕೆ 1011 ಮಿ.ಮೀ. ಅಂತರದಲ್ಲಿ ಒಂದು ಮೊಳೆ, ಒಂದು ಗುರುತು ಮಾಡಿ; ಪೈಪಿನ ಮೊದಲ ತೂತನ್ನು ಮೊಳೆಗೆ ಸಿಕ್ಕಿಸಿ, ಗುರುತಿನ ನೇರಕ್ಕೆ ಕೊರೆಯಿರಿ. ಉದ್ದದ್ದಕ್ಕೆ ಇನ್ನೊಂದು ಹಲಗೆ. ಕತ್ತರಿಸುವಾಗ 5 ಮಿ.ಮೀ. ಹೆಚ್ಚುಕಡಿಮೆಯಾದರೆ ಏನೂ ಆಗದು. ತೂತಿನ ಅಂತರದಲ್ಲಿ ತುಂಡಿಗೆ 3 ಮಿ.ಮೀ. ತಪ್ಪಿದರೆ ತಪ್ಪು ಕೂಡುತ್ತಾ ಹೋಗಿ, ನೆತ್ತಿಯ ಕೊನೆಯ ಬೋಲ್ಟ್ ಕೂರುವುದಿಲ್ಲ.

ಆಮೇಲೆ ಬಾಗು: ಗಿಡ್ಡದ್ದಕ್ಕೆ 16 ಡಿಗ್ರಿ, ಉದ್ದದ್ದಕ್ಕೆ 18, ಎರಡು ತುದಿಯೂ ಒಂದೇ ಕಡೆಗೆ. ಒಂದು ಡಿಗ್ರಿ ಆಚೀಚೆಯಾದರೆ ಬೋಲ್ಟ್ ಬಿಗಿಯುವಾಗ ತಾನೇ ಸರಿಹೋಗುತ್ತದೆ. ಚಪ್ಪಟೆ ಮಾಡಿದಲ್ಲಿ ಲೇಪ ಬಿರಿಯುವುದರಿಂದ ತುಕ್ಕು ಶುರುವಾಗುವುದೇ ಅಲ್ಲಿ. ರೆಡ್ ಆಕ್ಸೈಡ್ ಎರಡು ಕೈ ಬಳಿಯಿರಿ. ಗಿಡ್ಡ ತುಂಡುಗಳ ನಡುವಿಗೆ ಒಂದು ಪಟ್ಟೆ ಕೆಂಪು ಬಣ್ಣವನ್ನೂ ಹಾಕಿ. ಕೆಲಸದ ನಡುವೆ 1011 ಯಾವುದು, 1143 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಜೋಡಣೆ

ಗೂಟಕ್ಕೆ 1.85 ಮೀಟರ್ ಹಗ್ಗ ಕಟ್ಟಿ ವೃತ್ತ ಎಳೆದು, ಹತ್ತು ಕಡೆ ಗುರುತು ಹಾಕಿ. ಗಾರೆಯವರ ಲೆವೆಲ್ ಪೈಪಿನಿಂದ ಹತ್ತೂ ಗುರುತು ಒಂದೇ ಮಟ್ಟಕ್ಕೆ ತನ್ನಿ. ಒಂದು ಸೆಂಟಿಮೀಟರ್ ಆಚೀಚೆ ನಡೆಯುತ್ತದೆ. ಬೋಲ್ಟಿನ ತಲೆ ಹೊರಗೆ, ನಟ್ ಒಳಗೆ. ನೆತ್ತಿ ಕೂಡುವ ತನಕ ಯಾವ ನಟ್ಟನ್ನೂ ಬಿಗಿಯಬೇಡಿ.

ನೆಲದ ಬಳೆ: 10 ಉದ್ದ ತುಂಡು.

ಅದರ ಮೇಲೆ ಒಂದು ಬದಿ ಬಿಟ್ಟು ಒಂದು ಬದಿಗೆ ಎರಡೆರಡು ಗಿಡ್ಡ ತುಂಡಿನ ತ್ರಿಕೋನ, ನಡುವಿನ ಬದಿಗಳಿಗೆ ಎರಡೆರಡು ಉದ್ದ ತುಂಡಿನ ತ್ರಿಕೋನ. ಒಟ್ಟು 10 ಗಿಡ್ಡ, 10 ಉದ್ದ. ಈ ಹತ್ತು ಶಿಖರಗಳನ್ನು 10 ಗಿಡ್ಡ ತುಂಡುಗಳಿಂದ ಸುತ್ತಲೂ ಕೂಡಿಸಿ. ಇದು ಎರಡನೇ ಬಳೆ, ಮಟ್ಟವಾಗಿರುವುದಿಲ್ಲ. ಗಿಡ್ಡ ತ್ರಿಕೋನದ ಶಿಖರ ನೆಲದಿಂದ 83 ಸೆಂ.ಮೀ., ಉದ್ದ ತ್ರಿಕೋನದ್ದು 97 ಸೆಂ.ಮೀ. ಬಳೆ ಅಂಕುಡೊಂಕು ಕಾಣುತ್ತದೆಂದು ಬಿಚ್ಚಲು ಹೋಗಬೇಡಿ, ಇರಬೇಕಾದದ್ದೇ ಹಾಗೆ. ಈ ಹಂತದಲ್ಲಿ ಎಲ್ಲ ಒಳಗೆ ಜೋತುಬೀಳುತ್ತದೆ. ನಾಲ್ಕೈದು ಕಡೆ ಬಿದಿರಿನ ಊರೆ ಕೊಡಿ.

ಗಿಡ್ಡ ಶಿಖರ ಒಂದೊಂದರಿಂದ ಮೇಲಕ್ಕೆ ಒಂದು ಗಿಡ್ಡ, ಉದ್ದ ಶಿಖರ ಒಂದೊಂದರಿಂದ ಮೇಲಕ್ಕೆ ಎರಡು ಉದ್ದ. ಇವು 1.57 ಮೀಟರ್ ಎತ್ತರದಲ್ಲಿ ಐದು ಗಂಟುಗಳಾಗಿ ಸೇರುತ್ತವೆ. ಆ ಐದನ್ನು 5 ಉದ್ದ ತುಂಡಿನ ಬಳೆಯಿಂದ ಕೂಡಿಸಿ. ನೆತ್ತಿಗೆ ಉಳಿದ 5 ಗಿಡ್ಡ.

ನೆತ್ತಿ ಕೂಡದಿದ್ದರೆ ಸುತ್ತಿಗೆ ಎತ್ತಿಕೊಳ್ಳಬೇಡಿ. ಬಹುಪಾಲು ಎಲ್ಲೋ ಗಿಡ್ಡ–ಉದ್ದ ಅದಲುಬದಲಾಗಿರುತ್ತದೆ. ಈ ಗುಮ್ಮಟದಲ್ಲಿರುವ 40 ತ್ರಿಕೋನಗಳು ಎರಡೇ ಬಗೆ: ಎರಡು ಗಿಡ್ಡ ಒಂದು ಉದ್ದ, ಇಲ್ಲವೇ ಮೂರೂ ಉದ್ದ. ಮೂರೂ ಗಿಡ್ಡ ಅಥವಾ ಎರಡು ಉದ್ದ ಒಂದು ಗಿಡ್ಡ ಕಂಡಲ್ಲಿ ತಪ್ಪಿದೆ. ಐದು ತುಂಡು ಸೇರುವ ಗಂಟಿನಲ್ಲಿ ಎಲ್ಲವೂ ಗಿಡ್ಡ. ಆರು ಸೇರುವಲ್ಲಿ ಎರಡು ಗಿಡ್ಡ ಎದುರುಬದುರು. ಎಲ್ಲ ಸರಿಯಿದ್ದರೆ ನೆತ್ತಿಯಿಂದ ಕೆಳಕ್ಕೆ ನಟ್ ಬಿಗಿಯುತ್ತಾ ಬನ್ನಿ. ಬಿಗಿದ ಮೇಲೆ ಗಂಟಿಗೆ ಕೈಕೊಟ್ಟು ಜೋತಾಡಬಹುದು. ತುಂಡಿನ ನಡುವಿಗೆ ಮಾತ್ರ ಭಾರ ಬಿಡಬೇಡಿ, ಬಾಗುತ್ತದೆ.

ಹೊದಿಕೆ, ಅಂದರೆ ಸೋರಿಕೆ

ಹಂದರ ಅಗ್ಗ, ಹೊದಿಕೆಯೇ ತಲೆನೋವು. 1970ರ ಸುಮಾರಿಗೆ ಗುಮ್ಮಟ ಕಟ್ಟುವ ಕೈಪಿಡಿಗಳನ್ನು ಹೊರತಂದು ಹೆಸರಾದ ಲಾಯ್ಡ್ ಕಾನ್, ಕೆಲವೇ ವರ್ಷಗಳಲ್ಲಿ ಇವು ವಾಸಕ್ಕೆ ಆಗಿಬರುವುದಿಲ್ಲವೆಂದು ತಾವೇ ಅವುಗಳ ಮುದ್ರಣ ನಿಲ್ಲಿಸಿದರು. ಅಷ್ಟು ಪ್ರಾಮಾಣಿಕತೆ ಕೈಪಿಡಿ ಬರೆಯುವವರಲ್ಲಿ ಅಪರೂಪ. ತ್ರಿಕೋನಕ್ಕೊಂದರಂತೆ ತಗಡು ಹೊಡೆದರೆ ಅಂಚಂಚಿಗೂ ಒಂದು ಸಂದು. ಬಿಸಿಲಿಗೆ ತಗಡು ಹಿಗ್ಗಿ ರಾತ್ರಿ ಕುಗ್ಗುವಾಗ ಸಂದಿನ ಅಂಟು ಬಿಡುತ್ತದೆ. ನೆತ್ತಿಯ ಬಳಿ ಇಳಿಜಾರು ಕಡಿಮೆ, ನೀರು ನಿಂತು ಒಳಗಿಳಿಯುತ್ತದೆ.

ಹಾಗಾಗಿ ತ್ರಿಕೋನಗಳನ್ನು ಮರೆತು, ಹಂಚಿನ ಮಾಡಿನ ಹಾಗೆ ಕೆಳಗಿನಿಂದ ಮೇಲಕ್ಕೆ ಹೊದಿಸಿ. ಡ್ರಾಪ್ ಸಿಟಿಯವರಿಗೆ ಕಾರಿನ ನೆತ್ತಿ ಇದ್ದಂತೆ ನಮಗೆ ಇಳಿಸಿದ ಫ್ಲೆಕ್ಸ್ ಬ್ಯಾನರ್ ಇದೆ. ಸುಮಾರು 400 ಚದರ ಅಡಿ ಬೇಕು.

ಮೊದಲು ಕೆಳಗಿನ ಪಟ್ಟಿ: 12 ಮೀಟರ್ ಉದ್ದ, 1.2 ಮೀಟರ್ ಅಗಲ. ಸುತ್ತಳತೆ ಕೆಳಗೆ 11.43 ಮೀಟರ್, ಮೇಲೆ 10.11 ಮಾತ್ರ. ಹೆಚ್ಚಾದದ್ದನ್ನು ಮೇಲಿನ ಹತ್ತು ಗಂಟುಗಳಲ್ಲಿ ಸುಮಾರು 13 ಸೆಂ.ಮೀ.ನಂತೆ ಸೀರೆಯ ನೆರಿಗೆಯ ಹಾಗೆ ಹಿಡಿಯಿರಿ. ಬಾಗಿಲಿಗೆ ಮೂರೂ ಉದ್ದ ತುಂಡಿನ ಒಂದು ನೆಲದ ತ್ರಿಕೋನವನ್ನು ಹೊದಿಸದೆ ಬಿಡಿ. ಬಗ್ಗಿ ಒಳಗೆ ಹೋಗಬೇಕು, ಬೇರೆ ದಾರಿಯಿಲ್ಲ. ಬಾಗಿಲು ಎತ್ತರಿಸಲು ತುಂಡು ಕಿತ್ತರೆ ಗುಮ್ಮಟ ಸಡಿಲವಾಗುತ್ತದೆ. ಅದಕ್ಕಿಂತ ಇಡೀ ಹಂದರವನ್ನು ಎರಡಡಿ ಕಟ್ಟೆಯ ಮೇಲೆ ಕೂರಿಸಿ.

ಅದರ ಮೇಲೆ 2.4 × 1.4 ಮೀಟರಿನ ಐದು ಹಾಳೆ. ಪಕ್ಕಪಕ್ಕದವು ಒಂದರ ಮೇಲೊಂದು 15 ಸೆಂ.ಮೀ. ಹತ್ತಲಿ, ಆ ಜೋಡಿನ ಬಾಯಿ ಮುಂಗಾರಿನ ಗಾಳಿಗೆ ಬೆನ್ನು ಮಾಡಿರಲಿ. ನೆತ್ತಿಗೆ 2.4 ಮೀಟರ್ ಚೌಕದ ಟೋಪಿ. ಸಿಲಿಕೋನ್ ಹಚ್ಚಿ ದುಡ್ಡು ಕಳೆಯಬೇಡಿ, ಅದು ಫ್ಲೆಕ್ಸಿಗೆ ಕಚ್ಚುವುದಿಲ್ಲ. ಅಂಚನ್ನು ಎರಡು ಮಡಿಕೆ ಮಡಿಚಿ 30 ಸೆಂ.ಮೀ.ಗೊಂದು ಐಲೆಟ್ (ತೂತಿಗೆ ಕೂರಿಸುವ ಲೋಹದ ಉಂಗುರ) ಹೊಡೆದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಪೈಪಿಗೆ ಕಟ್ಟಿ. ಗಾಳಿಗೆ ಅದು ಎಳೆದು ಬಿಡುತ್ತದೆ. ನೈಲಾನ್ ಹಗ್ಗವಾದರೆ ಐಲೆಟ್ಟನ್ನೇ ಕಿತ್ತುಹಾಕುತ್ತದೆ. ಬೋಲ್ಟಿನ ತಲೆಗಳಿಗೂ ಒಂದೊಂದು ಟ್ಯೂಬಿನ ತುಂಡು ಹೊದಿಸಿ. ಮುದ್ರಣದ ಮುಖ ಒಳಗಿರಲಿ ಅಂದರೆ ರಾತ್ರಿಯೆಲ್ಲ ಯಾರೋ ನಾಯಕರು ಕೈಮುಗಿದು ನಿಮ್ಮನ್ನೇ ನೋಡುತ್ತಿರುತ್ತಾರೆ, ಆಯ್ಕೆ ನಿಮ್ಮದು.

ಬಿಸಿಗಾಳಿ ಮೇಲೆ ಸೇರುವುದರಿಂದ ಟೋಪಿಯ ಕೆಳಗೆ ಅಲ್ಲಲ್ಲಿ ಮರದ ತುಂಡಿಟ್ಟು ಒಂದು ಗೇಣು ಎತ್ತಿಡಿ. ಬಯಲುಸೀಮೆಯ ಬೇಸಿಗೆಯಲ್ಲಿ ಅದೂ ಸಾಲದು. ಸಸಿಮಡಿಗಾದರೆ ಫ್ಲೆಕ್ಸ್ ಬಿಟ್ಟು 50 ಶೇಕಡಾ ನೆರಳು ಬಲೆ ಹಾಕಿ, ಸೋರುವ ಚಿಂತೆಯೂ ಇಲ್ಲ.

ಹೊದಿಸುವ ಮುಂಚೆಯೇ ಹತ್ತೂ ಗಂಟುಗಳನ್ನು 12 ಮಿ.ಮೀ. ಕಂಬಿಯ, ಎರಡಡಿ ಉದ್ದದ ಕೊಕ್ಕೆಗೂಟದಿಂದ ನೆಲಕ್ಕೆ ಹಿಡಿಸಬೇಕು. 40 ಕೆ.ಜಿ. ಹಂದರಕ್ಕೆ ಇಷ್ಟಗಲ ಹಾಳೆ ಕಟ್ಟಿದರೆ ಅದು ಹಾಯಿ, ಗಾಳಿ ಎತ್ತಿ ಒಗೆಯುತ್ತದೆ. ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಗೂಟ ಜಾರುವುದರಿಂದ ಪ್ರತಿ ಗಂಟಿಗೂ ಒಂದು ಮರಳು ಚೀಲ ಹೇರಿ.

ಫ್ಲೆಕ್ಸ್ ಬಿಸಿಲಿಗೆ ಮೊದಲು ಬಿರಿಯುವುದು ಮಡಿಕೆಗಳಲ್ಲಿ; ಮಳೆಗಾಲಕ್ಕೆ ಮುಂಚೆ ನೋಡಿ ಹಾಳೆ ಬದಲಿಸಿ. ಹಳೆಯದನ್ನು ಸುಡಬೇಡಿ, ಅದರಲ್ಲಿರುವುದು ಪಿವಿಸಿ, ಹೊಗೆ ವಿಷ. ಹಂದರ ಬಿಚ್ಚುವಾಗ ನೆತ್ತಿಯಿಂದ ಶುರುಮಾಡಿ, ಎರಡನೇ ಬಳೆಗೆ ಮತ್ತೆ ಬಿದಿರಿನ ಊರೆ ಕೊಟ್ಟು. 65 ತುಂಡೂ ನಾಲ್ಕಡಿಗಿಂತ ಗಿಡ್ಡ, ಒಂದು ಲಗೇಜ್ ಆಟೋದಲ್ಲಿ ಹೋಗುತ್ತವೆ.